ಹನ್ನೊಂದನೇ ಮೆಟ್ಟಿಲಿನ ಕೈ

ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಬದಲಿಯ ತಲೆಗೆ ಬರುತ್ತಿದ್ದ ಮೊದಲ ಪ್ರಶ್ನೆ, ಇವತ್ತು ನಾನು ಎಷ್ಟು ಎನ್ನುವುದು. ಗಂಟೆ ಎಷ್ಟು ಅಂತಲ್ಲ, ತಾನೇ ಎಷ್ಟು ಅಂತ. ಹೊರಗಿನವರಿಗೆ ಇದು ತಲೆಕೆಟ್ಟವರ ಮಾತು ಅನ್ನಿಸಬಹುದು. ಆದರೆ ಆ ರಂಗಮಂದಿರದ ಪದ್ಧತಿಯೇ ಹಾಗಿತ್ತು. ಗರಿಗಳ ಕಿರೀಟ ಹೊತ್ತು, ಮಿನುಗುವ ಉಡುಪು ತೊಟ್ಟು, ಎತ್ತರದ ಮೆಟ್ಟಿಲುಗಳಿಂದ ಒಬ್ಬರ ಹಿಂದೊಬ್ಬರು ಇಳಿದು ಬರುವ ಹನ್ನೆರಡು ಹೆಂಗಸರಿಗೆ ಅಲ್ಲಿ ಹೆಸರಿರಲಿಲ್ಲ. ಸಾಲಿನಲ್ಲಿ ಯಾರ ಜಾಗ ಎಷ್ಟನೆಯದೋ ಅದೇ ಅವರ ಹೆಸರು. ಬಣ್ಣದ ಕೋಣೆಯಲ್ಲಿ ಹನ್ನೆರಡು ಕೊಕ್ಕೆ, ಪ್ರತಿ ಕೊಕ್ಕೆಯ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ಅಂಕಿ.

ಬದಲಿ ಹದಿಮೂರನೆಯವಳು. ಒಬ್ಬಳಿಗೆ ಜ್ವರ, ಇನ್ನೊಬ್ಬಳ ಕಾಲು ಉಳುಕಿತು, ಮತ್ತೊಬ್ಬಳ ಮಗುವಿಗೆ ಹುಷಾರಿಲ್ಲ, ಹೀಗೆ ಯಾರು ಬರಲಿಲ್ಲವೋ ಅವರ ಕಿರೀಟ ಅವಳ ತಲೆಗೆ. ಹಿಂದಿನ ಬಾಗಿಲು ದಾಟಿ ಒಳಗೆ ಕಾಲಿಟ್ಟ ಗಳಿಗೆಯಿಂದ ಎಲ್ಲರೂ ಅವಳನ್ನು ಆ ಅಂಕಿಯಿಂದಲೇ ಕರೆಯಬೇಕು, ಅದು ಕಟ್ಟುನಿಟ್ಟು. ಏಳಕ್ಕೂ ಹತ್ತಕ್ಕೂ ಯಾವುದೋ ಬಾಚಣಿಗೆಯ ವಿಷಯಕ್ಕೆ ಮಾತು ಬಿಟ್ಟುಹೋಗಿತ್ತು. ಬದಲಿ ಏಳಾದ ದಿನ ಹತ್ತು ಅವಳಿಗೂ ಮುಖ ತಿರುಗಿಸುತ್ತಿದ್ದಳು. ಮರುದಿನ ಅವಳು ಮೂರಾಗಿ ಬಂದರೆ ಅದೇ ಹತ್ತು ಪಕ್ಕದಲ್ಲಿ ಕೂತು ಬಿಸ್ಕತ್ತು ಕೊಡುತ್ತಿದ್ದಳು. ಯಾರಿಗೂ ಇದರಲ್ಲಿ ನಗು ಬರುತ್ತಿರಲಿಲ್ಲ. ಬದಲಿಗಂತೂ ಬರುತ್ತಲೇ ಇರಲಿಲ್ಲ, ಹನ್ನೊಂದು ವರ್ಷಗಳಿಂದ ಅವಳು ಬಾಳಿದ್ದೇ ಹಾಗೆ. ಅವಳಿಗೆಂದು ಒಂದು ಕೊಕ್ಕೆ ಮಾತ್ರ ಇರಲಿಲ್ಲ. ಯಾರೂ ರಜೆ ಹಾಕದ ದಿನ ಅವಳ ಬಟ್ಟೆ ಕುರ್ಚಿಯ ಬೆನ್ನ ಮೇಲೆ ಬಿದ್ದಿರುತ್ತಿತ್ತು.

ಅನುಕರಣೆಯಲ್ಲಿ ಅವಳದು ಎತ್ತಿದ ಕೈ. ಎರಡರ ಗಲ್ಲ ಎಷ್ಟು ಮೇಲೆ, ಎಂಟು ಯಾವ ಮೆಟ್ಟಿಲಲ್ಲಿ ಉಸಿರು ಬಿಡುತ್ತಾಳೆ, ಹನ್ನೆರಡರ ಸೊಂಟ ಎಲ್ಲಿ ಅರೆಗಳಿಗೆ ನಿಧಾನಿಸುತ್ತದೆ, ಎಲ್ಲ ಅವಳ ಮೈಯೊಳಗೆ ಕೂತುಬಿಟ್ಟಿತ್ತು. ಕಿರೀಟ ತಲೆಗೇರಿದ್ದೇ ತಡ, ಮಿಕ್ಕಿದ್ದು ತಾನಾಗಿ ಬರುತ್ತಿತ್ತು. ಗರಿ ಹೊಲಿಯುವ ಅಜ್ಜಿ ಕನ್ನಡಕದ ಮೇಲಿಂದ ನೋಡಿ, "ನಿನ್ನ ಒಳಗೆ ಎಷ್ಟು ಜನ ಬಾಡಿಗೆಗಿದ್ದಾರೇ?" ಅಂತ ಕೇಳುತ್ತಿದ್ದಳು. ಬದಲಿ ನಗುತ್ತಾ ಕಿರೀಟ ಸರಿಮಾಡಿಕೊಳ್ಳುತ್ತಿದ್ದಳು.

ನಾಲ್ಕು ಅವಳ ಸ್ವಂತ ಅಕ್ಕ. ಇಬ್ಬರೂ ಕೊಡೆ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಇದ್ದರು. ಅಪ್ಪ ಅಮ್ಮ ಬೇಗ ಹೋದ ಮೇಲೆ ತಂಗಿಯ ಜಡೆ ಹೆಣೆದವಳು, ಜ್ವರದಲ್ಲಿ ಹಣೆ ಮುಟ್ಟಿ ಕೂತವಳು, ಕೊನೆಗೆ ಸಾಲಿಗೆ ತಂದು ನಿಲ್ಲಿಸಿದವಳು ಅಕ್ಕನೇ. ಇಪ್ಪತ್ತು ವರ್ಷ ಅಕ್ಕ ನಾಲ್ಕನೇ ಜಾಗ ಬಿಟ್ಟು ಕದಲಿರಲಿಲ್ಲ. ಅವಳು ಇಳಿಯುತ್ತಿದ್ದರೆ ಈಗಷ್ಟೇ ನಿದ್ದೆಯಿಂದ ಎದ್ದು ಬರುತ್ತಿದ್ದಾಳೋ, ಅಥವಾ ಇನ್ನೇನು ನಿದ್ದೆಗೆ ಜಾರುತ್ತಾಳೋ ಎನ್ನಿಸುತ್ತಿತ್ತು. ನೋಡುವವರಿಗೂ ಹಿತವಾದ ಮಂಪರು ಹತ್ತುತ್ತಿತ್ತು. ಹನ್ನೊಂದನೇ ಮೆಟ್ಟಿಲು ಬಂದಾಗ ಅವಳ ಎಡಗೈ ಮೆಲ್ಲಗೆ ಹಿಂದಕ್ಕೆ ಹೋಗುತ್ತಿತ್ತು, ಅಂಗೈ ಮೇಲೆ ಮಾಡಿ, ಒಂದು ಉಸಿರಿನಷ್ಟು ಹೊತ್ತು ಹಾಗೇ ನಿಂತು, ಮತ್ತೆ ಪಕ್ಕಕ್ಕೆ ಬರುತ್ತಿತ್ತು. ಮಂದಿರದ ಹೊರಗಿನ ದೊಡ್ಡ ಚಿತ್ರದಲ್ಲೂ ಆ ಕೈಯನ್ನು ಬರೆದಿದ್ದರು. ಬೀದಿಯಲ್ಲಿ ಹುಡುಗಿಯರು ಅಂಗಡಿಯ ಮೆಟ್ಟಿಲಿಳಿಯುವಾಗ ಹಾಗೆ ಕೈ ಚಾಚಿ ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು.

ನೃತ್ಯದ ಮೇಷ್ಟ್ರಿಗೆ ಮಾತ್ರ ಆ ಕೈ ಕಂಡರೆ ಆಗುತ್ತಿರಲಿಲ್ಲ. "ಹನ್ನೆರಡು ಜನ ಅಂದ್ರೆ ಒಂದು ಗೆರೆ. ಗೆರೆಗೆ ಕೊಂಬೆ ಯಾಕೆ?" ಎಂದು ಗೊಣಗುತ್ತಿದ್ದರು. ಆದರೆ ನೋಡಲು ಬರುವವರು ಕೇಳುತ್ತಿದ್ದುದೇ ಆ ಕೈಯನ್ನು. ಮೇಷ್ಟ್ರು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರು.

ಈ ಮೆಟ್ಟಿಲುಗಳ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಒಟ್ಟು ಹದಿನೇಳು, ಪಕ್ಕದಲ್ಲಿ ಹಿಡಿಕೆ ಇಲ್ಲ. ಅವನ್ನು ಬೇರೆ ಯಾವುದೋ ರಂಗಕ್ಕೆಂದು ಮಾಡಿಸಿ, ಇಲ್ಲಿಗೆ ತಂದು ಕೂಡಿಸುವಾಗ ಒಂಬತ್ತನೆಯದು ಎರಡು ಬೆರಳು ಎತ್ತರವಾಯಿತು. ಬಡಗಿ ಮುಂದಿನ ವಾರ ಸರಿ ಮಾಡುತ್ತೇನೆ ಅಂದ. ಆ ಮುಂದಿನ ವಾರ ಇನ್ನೂ ಬಂದಿಲ್ಲ, ಅಷ್ಟರಲ್ಲಿ ಬಡಗಿ ತಾತನಾದ. ಇಳಿಯುವವರು ಕಾಲು ನೋಡಿಕೊಳ್ಳುವ ಹಾಗಿಲ್ಲ, ಹಿಂದೆ ತಿರುಗುವ ಹಾಗಿಲ್ಲ. ತಲೆ ಒಂದಿಷ್ಟು ಬಾಗಿದರೂ ಕಿರೀಟ ಬೀಳುತ್ತದೆ. ಮುಖಕ್ಕೆ ದೀಪ, ತುಟಿಗೆ ನಗು, ಬಾಯೊಳಗೆ ಎಣಿಕೆ. ಒಬ್ಬಳಿಗೂ ಇನ್ನೊಬ್ಬಳಿಗೂ ಎರಡು ಮೆಟ್ಟಿಲ ಅಂತರ. ಹೊಸಬರು ಯಾರೇ ಬಂದರೂ ಮೊದಲ ವಾರ ಒಂಬತ್ತರಲ್ಲಿ ಮುಗ್ಗರಿಸುವುದು ಮಾಮೂಲು. ಬದಲಿ ಮುಗ್ಗರಿಸಿರಲಿಲ್ಲ. ಅವಳಿಗೆ ಆ ಜಂಭವೂ ಸ್ವಲ್ಪ ಇತ್ತೆನ್ನಿ.

ಆ ಮೊದಲ ದಿನ ಅವಳಿಗೆ ನೆನಪಿನ ಹಾಗಿರಲಿಲ್ಲ, ಕನಸಿನ ಹಾಗಿತ್ತು. ಅವತ್ತೂ, ಆ ವಾರವೆಲ್ಲವೂ ಅವಳು ಐದು. ಎಂಟರ ತನಕ ಎಣಿಸಿದ್ದಳು. ಆಮೇಲೆ ಬರೀ ಬೆಳಕು, ಹಾಲು ಚೆಲ್ಲಿದಂಥ ಬೆಳಕು. ಕಾಲಡಿಯ ಮರ ಎಲ್ಲೋ ಹೋಗಿಬಿಟ್ಟಿತ್ತು, ಸಂಗೀತ ದೂರದ ಯಾವುದೋ ಮನೆಯಿಂದ ಬರುತ್ತಿತ್ತು. ಆಗ ಅಂಗೈಗೆ ಏನೋ ಬೆಚ್ಚಗೆ ತಗುಲಿತು. ಅದನ್ನು ಒತ್ತಿದಳು. ಮರ ಮತ್ತೆ ಕಾಲಿಗೆ ಸಿಕ್ಕಿತು. ಆ ವಾರವಿಡೀ ಅದು ಅಲ್ಲೇ ಸಿಕ್ಕಿತು. ಕಾಲು ಪಳಗಿದ ಮೇಲೆ ಅವಳು ಅದನ್ನು ಹುಡುಕಲಿಲ್ಲ. ಆದರೆ ಕನಸಿನಲ್ಲಿ ಅದು ಬರುತ್ತಲೇ ಇತ್ತು. ಮುಗಿಯದ ಮೆಟ್ಟಿಲು, ಕೆಳಗೆ ಮೋಡ, ಇಳಿದಷ್ಟೂ ಇಳಿಯುವುದು, ಬೀಳುತ್ತೇನೆ ಅನ್ನುವಷ್ಟರಲ್ಲಿ ಆ ಬಿಸುಪು. ಒಂದು ಬೆಳಗ್ಗೆ ಅಕ್ಕನನ್ನು ಕೇಳಿಯೂ ಇದ್ದಳು.

"ಅಕ್ಕ, ಆ ಮೆಟ್ಟಿಲಿಗೆ ಎಲ್ಲಾದ್ರೂ ಹಿಡಿಕೆ ಇದ್ಯಾ?"

"ಇಲ್ಲ. ಇನ್ನೂ ಐದೂವರೆ, ಮಲಕ್ಕೋ."

ಅಷ್ಟಕ್ಕೇ ಆ ಮಾತು ಮುಗಿದಿತ್ತು.

ಈಗ ಅಕ್ಕನ ಮಂಡಿ ಕೈಕೊಟ್ಟಿತು. ಡಾಕ್ಟರು ಒತ್ತಿ ನೋಡಿ, ಬಗ್ಗಿಸಿ ನೋಡಿ, ಇನ್ನು ಆ ಮೆಟ್ಟಿಲು ಸಾಕು ಅಂದರು. ಅಕ್ಕ ಅತ್ತಳೇ ಎಂದರೆ, ಇಲ್ಲ. ಮನೆಗೆ ಬಂದು ಕಾಲಿನ ಕೆಳಗೆ ದಿಂಬಿಟ್ಟುಕೊಂಡು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಮಧ್ಯಾಹ್ನ ಮಲಗಿದಳು. ಆಟದ ಹೊತ್ತಿಗೆ ಸರಿಯಾಗಿ ಎಚ್ಚರವಾಗಿ ಗೋಡೆ ನೋಡುತ್ತಾ ಕೂತಳು.

ಮಾರನೆಯ ದಿನ ಮೇಷ್ಟ್ರು ಬದಲಿಯನ್ನು ಖಾಲಿ ರಂಗದ ಮೇಲೆ ನಿಲ್ಲಿಸಿಕೊಂಡರು. ಮೇಲಿನ ಕಿಟಕಿಯಿಂದ ಒಂದು ಪಟ್ಟಿ ಬಿಸಿಲು ಬಿದ್ದು, ಅದರೊಳಗೆ ಧೂಳಿನ ಜೊತೆ ಗರಿಯ ಎಳೆಗಳೂ ತೇಲುತ್ತಿದ್ದವು.

"ನಾಲ್ಕನೇ ಜಾಗ ನಿನಗೆ ಕೊಡೋಣ ಅಂತಿದ್ದೀನಿ," ಎಂದರು. "ನಿನಗೂ ಮೂವತ್ಮೂರಾಯ್ತು. ಈ ಸಲ ಬಿಟ್ರೆ ಇನ್ನೊಂದು ಸಲ ಅನ್ನೋದು ಇರಲ್ಲ, ನಿನಗೂ ಗೊತ್ತು. ಬೇರೆ ತಂಡದಿಂದ ಒಬ್ಬಳು ಬರ್ತೀನಿ ಅಂತಿದ್ದಾಳೆ."

"ಕೊಡಿ ಮೇಷ್ಟ್ರೇ."

"ತಾಳು. ನಿನ್ನ ಅಕ್ಕನ ನಕಲು ನನಗೆ ಬೇಡ. ಖಾಯಂ ಜಾಗ ಅಂದ ಮೇಲೆ ನಿನ್ನ ನಡಿಗೆ ಇರ್ಬೇಕು. ಮೊದಲು ಆ ಕೈ ತೆಗಿ. ಶನಿವಾರ ಮಧ್ಯಾಹ್ನದ ಆಟ ನಾನು ಮುಂದೆ ಕೂತು ನೋಡ್ತೀನಿ. ಕೈ ಹಿಂದೆ ಹೋಯ್ತೋ, ಆ ಇನ್ನೊಬ್ಬಳಿಗೆ ಹೇಳಿ ಕಳಿಸ್ತೀನಿ."

ಬದಲಿ ತಲೆಯಾಡಿಸಿದಳು. ಕೊಕ್ಕೆ ಕಣ್ಣ ಮುಂದೆ ಬಂತು. ಹನ್ನೊಂದು ವರ್ಷದ ಆಸೆ ಒಂದು ಕಬ್ಬಿಣದ ಕೊಕ್ಕೆಯೆಂದರೆ ನಗಬೇಡಿ. ಕುರ್ಚಿಯ ಬೆನ್ನ ಮೇಲೆ ಬಟ್ಟೆ ಹಾಕಿದವರಿಗೆ ಮಾತ್ರ ಅದರ ಕಷ್ಟ ಗೊತ್ತು.

ಈ ಸುದ್ದಿ ಹೊತ್ತು ಮನೆಗೆ ಓಡಿ ಬಂದರೆ, ಅಕ್ಕ ಇವಳಿಗೆ ಬಾಯಿ ತೆರೆಯಲೂ ಬಿಡಲಿಲ್ಲ. ಮಧ್ಯಾಹ್ನವೆಲ್ಲ ಗೋಡೆ ನೋಡಿ ನೋಡಿ ಅವಳಿಗೊಂದು ಯೋಚನೆ ಬಂದಿತ್ತು.

"ಶನಿವಾರ ನಾನೂ ಬರ್ತೀನಿ ಕಣೇ. ಮೂರನೇ ಸಾಲಲ್ಲಿ ಕೂತ್ಕೋತೀನಿ. ನೀನು ನನ್ನ ಹಾಗೆ ಇಳಿ."

"ನಿನ್ನ ಹಾಗಾ?"

"ಇಪ್ಪತ್ತು ವರ್ಷ ಊರೆಲ್ಲ ನನ್ನ ನೋಡ್ತು. ನಾನೊಬ್ಬಳೇ ನೋಡಿಲ್ಲ. ಅಭ್ಯಾಸದ ಕೋಣೆ ಕನ್ನಡಿಯಲ್ಲಿ ಮೆಟ್ಟಿಲಿಲ್ಲ, ಫೋಟೋದಲ್ಲಿ ನಡಿಗೆ ಇಲ್ಲ. ನಾನು ಹ್ಯಾಗಿದ್ದೆ ಅಂತ ಒಂದು ಸಲ ನೋಡ್ಬೇಕು. ಅದನ್ನ ತೋರಿಸೋಕೆ ನಿನಗೊಬ್ಬಳಿಗೇ ಸಾಧ್ಯ." ಕಾಲಿನ ಕೆಳಗಿನ ದಿಂಬು ಸರಿಮಾಡಿಕೊಳ್ಳುತ್ತಾ, "ಆಮೇಲೆ ನಾನು ಏನೂ ಕೇಳಲ್ಲ," ಅಂದಳು.

ಅಕ್ಕ ತನಗಾಗಿ ಏನನ್ನಾದರೂ ಕೇಳಿದ್ದು ತಂಗಿಗೆ ನೆನಪಿರಲಿಲ್ಲ. ಮೇಷ್ಟ್ರ ಷರತ್ತು ಹೇಳಿದರೆ ಈಕೆ ಬರುವುದೇ ಇಲ್ಲ, ಅದು ಖಂಡಿತ. "ಆಯ್ತಕ್ಕ," ಎಂದು ಬದಲಿ ಬಾಯಿಗೆ ಬೀಗ ಹಾಕಿಕೊಂಡಳು.

ಎರಡು ದಿನ ಅವಳು ತನ್ನ ನಡಿಗೆಯನ್ನು ಹುಡುಕಿದಳು. ಬೀದಿಯಲ್ಲಿ ಕಳೆದ ಚಪ್ಪಲಿ ಹುಡುಕುವ ಹಾಗೆ ಹುಡುಕಿದಳು. ಅಂಗಡಿಯ ಪಕ್ಕದ ಮೆಟ್ಟಿಲನ್ನು ಹತ್ತಿ ಇಳಿದಳು: ಎರಡರ ಗಲ್ಲ ಬಂತು. ಅದನ್ನು ಬಿಟ್ಟರೆ ಹನ್ನೆರಡರ ಸೊಂಟ. ಸೊಂಟ ಬಿಗಿಹಿಡಿದರೆ ಎಂಟರ ಉಸಿರು. ಕೊಡೆ ರಿಪೇರಿಯವನು ಕಡ್ಡಿ ಬಾಯಲ್ಲಿ ಕಚ್ಚಿಕೊಂಡು ಅರ್ಧ ಗಂಟೆ ನೋಡಿ, "ಏನಮ್ಮಾ, ಮೇಲೆ ಏನಾದ್ರೂ ಮರೆತು ಬಂದ್ಯಾ?" ಅಂತ ಕೇಳಿದ. "ಹೌದಣ್ಣ," ಎಂದಳು. ತರಕಾರಿ ಚೀಲ ಹಿಡಿದು, ಏನೂ ಯೋಚಿಸದೆ ಬೀದಿಯ ಕೊನೆಯ ತನಕ ಹೋಗಿ, ಗಾಜಿನ ಅಂಗಡಿಯಲ್ಲಿ ತನ್ನ ನೆರಳನ್ನು ನೋಡಿಕೊಂಡಳು. ನೆರಳು ನಿದ್ದೆಗಣ್ಣಿನಲ್ಲಿ ನಡೆಯುತ್ತಿತ್ತು. ಅದು ಅಕ್ಕನದು. ಎಲ್ಲರನ್ನೂ ಕಳಚಿ ಕಳಚಿ ಕೊನೆಗೆ ಉಳಿಯುವುದು ಅಕ್ಕ ಎಂದಾದರೆ ತಾನೆಲ್ಲಿ? ಅವಳಿಗೆ ಭಯವಾಯಿತು. ನಡುಬೀದಿಯಲ್ಲಿ, ಚೀಲದಲ್ಲಿ ಈರುಳ್ಳಿ ಇಟ್ಟುಕೊಂಡು, ನಿಜವಾದ ಭಯ.

ಹೀಗೆ ಯೋಚಿಸುವಾಗಲೇ ಒಂದು ಸಣ್ಣ ವಿಷಯ ಅವಳನ್ನು ಚುಚ್ಚಿತು. ಅಕ್ಕನ ಆ ಕೈ ತೂಕ ಸರಿದೂಗಿಸಿಕೊಳ್ಳಲು ಹೋಗುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಹಾಗಿದ್ದರೆ ಅದು ಒಂಬತ್ತರಲ್ಲಿ ಹೋಗಬೇಕು. ಕಷ್ಟವಿರುವುದು ಅಲ್ಲಿ. ಹನ್ನೊಂದಕ್ಕೆ ಬಂದ ಮೇಲೆ ಕೈ ಚಾಚಿ ಏನು ಪ್ರಯೋಜನ? ಇದನ್ನು ಅವಳು ಇನ್ನೂ ಸ್ವಲ್ಪ ಹಿಡಿದು ಎಳೆದಿದ್ದರೆ ಕತೆ ಅಲ್ಲೇ ಮುಗಿಯುತ್ತಿತ್ತು. ಆದರೆ ಅವಳ ತಲೆತುಂಬ ಶನಿವಾರವಿತ್ತು. ಕೊನೆಗೆ ಜಾಣತನದ ಒಂದು ದಾರಿ ಹೊಳೆಯಿತು. ಹತ್ತರ ತನಕ ಅಕ್ಕನಾಗಿ ಇಳಿಯುವುದು, ಹನ್ನೊಂದರಲ್ಲಿ ಕೈಯನ್ನು ಮೈಗೆ ಅಂಟಿಸಿಕೊಳ್ಳುವುದು. ಅಕ್ಕನಿಗೆ ನಡಿಗೆ, ಮೇಷ್ಟ್ರಿಗೆ ಕೈ ಇಲ್ಲದ ಗೆರೆ. ಇಬ್ಬರನ್ನೂ ಅರ್ಧರ್ಧ ಸಂಭಾಳಿಸಿದ ಹಾಗಾಯಿತು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಶನಿವಾರ ಬಂತು. ಬಣ್ಣದ ಕೋಣೆಯಲ್ಲಿ ಪೌಡರಿನ ಮಬ್ಬು. ಐದನೆಯವಳು ಮದುವೆಯಾಗಿ ಬಿಟ್ಟುಹೋಗಿದ್ದಳು. ಅವಳ ಜಾಗಕ್ಕೆ ಅವತ್ತು ಹೊಸಬಳೊಬ್ಬಳು ಬಂದಿದ್ದಳು, ಸೂಜಿಯ ಹಾಗೆ ಸಣ್ಣ, ಇಪ್ಪತ್ತೊಂದು ಇಪ್ಪತ್ತೆರಡರವಳು. ಬದಲಿ ಮನಸ್ಸಿನಲ್ಲೇ ಅವಳನ್ನು ಸೂಜಿ ಎಂದು ಕರೆದಳು.

"ಒಂಬತ್ತನೇದು ಎತ್ತರ ಅಂತಾರಲ್ಲ, ನಾಲ್ಕು," ಎಂದಳು ಬದಲಿಯ ಕಡೆ ತಿರುಗಿ. "ಎಷ್ಟು ಎತ್ತರ?"

"ಎರಡು ಬೆರಳು. ಏನಾಗಲ್ಲ, ಎಣಿಸ್ತಾ ಇರು," ಎಂದಳು ಬದಲಿ. ಅವಳ ಮನಸ್ಸು ಹನ್ನೊಂದರಲ್ಲಿತ್ತು.

ಗರಿಯ ಅಜ್ಜಿ ಅಕ್ಕನ ಕಿರೀಟವನ್ನು ತಂದು ಬದಲಿಯ ತಲೆಗಿಟ್ಟು, ಪಿನ್ನು ಚುಚ್ಚಿ, ಗದ್ದ ಹಿಡಿದು ನೋಡಿದಳು.

ಮೇಲಿನ ಮೆಟ್ಟಿಲ ಹಿಂದೆ ಕತ್ತಲು. ಪರದೆ ಸರಿಯಿತು. ಬೆಳಕು ಬಂತು, ಅದೇ ಹಾಲು ಚೆಲ್ಲಿದ ಬೆಳಕು. ಕೆಳಗೆ ಇದ್ದವರೆಲ್ಲ ಅಳಿಸಿಹೋದರು. ಮೇಷ್ಟ್ರೂ ಇಲ್ಲ, ಅಕ್ಕನೂ ಇಲ್ಲ. ಒಂದು, ಎರಡು, ಮೂರು ಇಳಿದರು. ಬದಲಿ ಕಾಲಿಟ್ಟಳು, ಇಟ್ಟೊಡನೆ ಅಕ್ಕನಾದಳು. ಕುತ್ತಿಗೆ ಸಡಿಲವಾಯಿತು, ಕಣ್ಣ ರೆಪ್ಪೆ ಭಾರವಾಯಿತು. ಸಂಗೀತ ದೂರದ ಯಾವುದೋ ಮನೆಯಿಂದ ಬರತೊಡಗಿತು. ನಾಲ್ಕು, ಐದು, ಆರು. ಇದು ಆಟವೋ, ಬೆಳಗಿನ ಜಾವದ ಕನಸೋ ಎಂದು ಅವಳಿಗೆ ತಿಳಿಯದಾಯಿತು. ಕತ್ತಲಲ್ಲಿ ಎಲ್ಲೋ ಅಕ್ಕ ತನ್ನನ್ನು ತಾನು ನೋಡುತ್ತಾ ಕೂತಿದ್ದಾಳೆ ಅನ್ನುವುದಷ್ಟೇ ಗೊತ್ತು. ಒಂಬತ್ತು, ಎರಡು ಬೆರಳು, ದಾಟಿತು. ಹತ್ತು.

ಹನ್ನೊಂದು. ಕೈಯನ್ನು ತೊಡೆಗೆ ಒತ್ತಿ ಹಿಡಿದಳು.

ಹಿಂದೆ, ಎರಡು ಮೆಟ್ಟಿಲ ಮೇಲೆ, ಹಿಮ್ಮಡಿಯೊಂದು ಮರಕ್ಕೆ ಉಜ್ಜಿದ ಸದ್ದು. ಆಮೇಲೆ ಒಂದು ಸಣ್ಣ ಉಸಿರು, ಹೊರಗೆ ಹೋಗದೆ ಗಂಟಲಲ್ಲೇ ಸಿಕ್ಕಿಕೊಂಡದ್ದು. ಸೂಜಿ ಒಂಬತ್ತರಲ್ಲಿದ್ದಳು.

ಬದಲಿ ಏನನ್ನೂ ಯೋಚಿಸಲಿಲ್ಲ. ಮೇಷ್ಟ್ರು, ಕೊಕ್ಕೆ, ಆ ಇನ್ನೊಬ್ಬಳು, ಯಾರೂ ನೆನಪಾಗಲಿಲ್ಲ. ಅವಳ ಎಡಗೈ ತೊಡೆ ಬಿಟ್ಟು ಹಿಂದಕ್ಕೆ ಹೋಯಿತು, ಅಂಗೈ ಮೇಲೆ ಮಾಡಿ. ಅದರೊಳಗೆ ತಣ್ಣಗಿನ, ಒದ್ದೆಯಾದ ನಾಲ್ಕು ಬೆರಳು ಬಂದು ಬಿದ್ದವು. ಬಿದ್ದು, ಒತ್ತಿ, ಹಿಡಿದುಕೊಂಡವು.

ಹನ್ನೊಂದು ವರ್ಷದ ಕನಸು ಅಲ್ಲಿಗೆ ಮುಗಿಯಿತು. ಆ ಬಿಸುಪು ಏನೆಂದು ಅವಳಿಗೆ ಈಗ ಗೊತ್ತಾಯಿತು. ಈ ಬೆಳಕಿನಲ್ಲಿ, ಇದೇ ಒಂಬತ್ತರಲ್ಲಿ, ತನ್ನ ಬೆರಳುಗಳೂ ಹೀಗೇ ತಣ್ಣಗಿದ್ದವು. ಹನ್ನೊಂದರಲ್ಲಿ ನಿಂತಿದ್ದವಳು ಅಕ್ಕ. ಕಣ್ಣು ತುಂಬಿ ಬಂತು. ನಗು ತುಟಿಯ ಮೇಲೇ ಇತ್ತು, ತಲೆ ನೆಟ್ಟಗೇ ಇತ್ತು, ಒಂದು ಹನಿ ಮಾತ್ರ ಬಣ್ಣವನ್ನು ಸೀಳಿಕೊಂಡು ಗಲ್ಲದ ತನಕ ಇಳಿಯಿತು. ಬೆರಳುಗಳು ಬಿಟ್ಟವು. ಹನ್ನೆರಡು, ಹದಿಮೂರು. ಹದಿನೇಳರ ತನಕ ಅವಳು ಹೇಗೆ ಇಳಿದಳೋ, ಯಾರ ನಡಿಗೆಯಲ್ಲಿ ಇಳಿದಳೋ, ಅವಳಿಗೆ ಗೊತ್ತಿಲ್ಲ.

ಆಟ ಮುಗಿದ ಮೇಲೆ ಮೇಷ್ಟ್ರು ಬಣ್ಣದ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಮುಖ ಗಂಟು ಹಾಕಿತ್ತು.

"ಕೈ ತೆಗಿ ಅಂದಿದ್ದೆ."

"ಹೌದು ಮೇಷ್ಟ್ರೇ."

"ನಿನ್ನ ಅಕ್ಕನದೇ ಕೈ ತಂದೆ."

"ಇಲ್ಲ ಮೇಷ್ಟ್ರೇ," ಎಂದಳು ಬದಲಿ. ಕಿರೀಟವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡಿದ್ದಳು. "ನಡಿಗೆ ಅಕ್ಕನದು ತಂದಿದ್ದೆ. ಹಿಂದೆ ಹೋದ ಕೈ ನಂದೇ."

ಮೂಲೆಯಲ್ಲಿ ಸೂಜಿ ಎದ್ದು ನಿಂತಳು. "ಅವರು ಹಿಡೀದೇ ಇದ್ದಿದ್ರೆ ನಾನು ಉರುಳಿಬಿಡ್ತಿದ್ದೆ ಸಾರ್," ಎಂದು ಹೇಳಿ, ಹೇಳಿದ್ದಕ್ಕೆ ತಾನೇ ಹೆದರಿ ಕೂತಳು.

ಮೇಷ್ಟ್ರು ಸೂಜಿಯನ್ನು ನೋಡಿದರು, ಬದಲಿಯನ್ನು ನೋಡಿದರು. ಬೆರಳು ಮಡಚಿ ಏನೋ ಎಣಿಸಿದರು: ನಾಲ್ಕು ಹನ್ನೊಂದರಲ್ಲಿ, ಐದು ಒಂಬತ್ತರಲ್ಲಿ. ಇಪ್ಪತ್ತೈದು ವರ್ಷ ಆ ಮೆಟ್ಟಿಲುಗಳ ಮುಂದೆ ಕೂತ ಮನುಷ್ಯ, ತನ್ನ ಗೆರೆಯನ್ನು ಮುಂದಿನಿಂದ ಮಾತ್ರ ನೋಡಿದ್ದರು. ಮುಖದ ಗಂಟು ನಿಧಾನಕ್ಕೆ ಬಿಚ್ಚಿಕೊಂಡಿತು.

"ಕೊಕ್ಕೆಗೆ ಬಟ್ಟೆ ಹಾಕು," ಎಂದರು. "ಆ ಕುರ್ಚಿ ಯಾರಾದ್ರೂ ಕೂರೋಕೆ ಇರೋದು." ತಿರುಗಿ ಹೊರಡುತ್ತಾ, ಯಾರಿಗೆಂದಿಲ್ಲದೆ ಕೂಗಿದರು, "ಆ ಬಡಗಿಗೆ ಹೇಳಿ ಕಳಿಸ್ರೋ!"

ಅಕ್ಕ ಹಿಂದಿನ ಬಾಗಿಲ ಹತ್ತಿರ ಕೋಲೂರಿಕೊಂಡು ಕಾಯುತ್ತಿದ್ದಳು. ಇಬ್ಬರೂ ಸಂಜೆಯ ಬಿಸಿಲಿನಲ್ಲಿ ನಿಧಾನಕ್ಕೆ ನಡೆದರು.

"ಹ್ಯಾಗಿದ್ದೆ ನೀನು?" ಎಂದು ಕೇಳಿದಳು ತಂಗಿ.

"ಚೆನ್ನಾಗೇ ಇದ್ದೆ ಕಣೇ," ಅಂದಳು ಅಕ್ಕ, ಬೇರೆ ಯಾರದೋ ಮಾತಾಡುವ ಹಾಗೆ. "ನಾನು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿದ್ದೆ. ಹನ್ನೊಂದರ ತನಕ ನಾನೇ. ಆಮೇಲೆ ನೀನು."

"ಹ್ಯಾಗೆ ಗೊತ್ತಾಯ್ತು?"

"ನೀನು ಕೈ ಇಟ್ಟಾಗ ಆ ಹುಡುಗಿ ಹಿಡ್ಕೊಂಡ್ಲು. ನಂದನ್ನ ಹಿಡಿದಿದ್ದು ನೀನು ಬಂದ ವಾರ ಮಾತ್ರ. ಆಮೇಲೆ ನೀನೂ ಹಿಡೀಲಿಲ್ಲ, ಬೇರೆಯವರಿಗೆ ಬೇಕಿರಲಿಲ್ಲ. ಖಾಲಿ ಕೈ."

"ಮತ್ಯಾಕೆ ದಿನಾ ಇಡ್ತಿದ್ದೆ?"

ಅಕ್ಕ ಕೋಲನ್ನು ಒಂದು ಹೆಜ್ಜೆ ಮುಂದಿಟ್ಟಳು. "ನೀನು ಒಂದಿನ ಐದು, ಒಂದಿನ ಹತ್ತು. ಇವತ್ತು ಹಿಂದೆ ಯಾರಿದ್ದಾರೆ ಅಂತ ನೆನಪಿಟ್ಕೊಳ್ಳೋದಕ್ಕಿಂತ ದಿನಾ ಕೈ ಇಡೋದೇ ಸುಲಭ ಆಯ್ತು."

"ನನಗೆ ಹೇಳೋದಲ್ವಾ?"

"ಹೇಳಿದ್ರೆ ಬೇಡ ಅಂತಿದ್ದೆ. ನಾನು ಮುಗ್ಗರಿಸಲೇ ಇಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೆಯಲ್ಲ."

ಕೊಡೆ ಅಂಗಡಿಯವನು ಬಾಗಿಲು ಎಳೆಯುತ್ತಿದ್ದ. ಮನೆಯ ಮೆಟ್ಟಿಲು ಕಿರಿದು, ಇಬ್ಬರು ಪಕ್ಕಪಕ್ಕ ಹತ್ತುವಂತಿಲ್ಲ. ತಂಗಿ ಮುಂದೆ ಹತ್ತಿದಳು. ಎರಡು ಮೆಟ್ಟಿಲು ಮೇಲೆ ಹೋಗಿ, ನಿಂತು, ಎಡಗೈಯನ್ನು ಹಿಂದಕ್ಕೆ ಚಾಚಿದಳು. ಕೋಲು ಗೋಡೆಗೆ ಒರಗಿದ ಸದ್ದು ಕೇಳಿಸಿತು. ಆಮೇಲೆ ಅಂಗೈಯೊಳಗೆ ಅಕ್ಕನ ಕೈ ಬಂತು, ಬೆಚ್ಚಗೆ, ಪೂರ್ತಿ ಭಾರ ಬಿಟ್ಟು. ತಂಗಿಯ ಭುಜ ಅಲುಗತೊಡಗಿತು. ಅವಳು ಹಿಂದೆ ತಿರುಗಲು ಹೋದಳು.

"ತಿರುಗಬೇಡ," ಎಂದಳು ಅಕ್ಕ. "ಕಿರೀಟ ಬೀಳುತ್ತೆ."